ಕಟಿಂಗ್ ಮಷಿನ್ ಯಾವುದು ತಗೊಳ್ಳೋದು: ಚಾಪ್‌ಸಾ, ಹ್ಯಾಕ್ಸಾ, ಬ್ಯಾಂಡ್‌ಸಾ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಾಗಲಿ, ಚಿತ್ರದುರ್ಗದ ಹೆದ್ದಾರಿ ಬದಿಯ ಶೆಡ್‌ಗಳಲ್ಲಾಗಲಿ ಕೇಳಿಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಲೋಹ ಕೊಯ್ಯಲು ಇರುವ ಚಾಪ್‌ಸಾ (ತಿರುಗುವ ವ್ಹೀಲಿನಿಂದ ಕೊಯ್ಯುವ ಮಷಿನ್) ಸಾಲುತ್ತಿಲ್ಲ. ಹರಿಹರದ ಕಡೆಯಿಂದ ಹಳೆಯ ಹ್ಯಾಕ್ಸಾ ಮಷಿನ್ (ಬ್ಲೇಡ್ ಹಿಂದೆ ಮುಂದೆ ಎಳೆದು ಕೊಯ್ಯುವುದು) ಒಂದು ಅಗ್ಗಕ್ಕೆ ಬರುತ್ತಿದೆ. ಡೀಲರ್ ಮಾತ್ರ ಬ್ಯಾಂಡ್‌ಸಾನೇ (ಎರಡು ವ್ಹೀಲಿನ ಮೇಲೆ ಸುತ್ತುವ ಪಟ್ಟಿ ಬ್ಲೇಡಿನದು) ತಗೊಳ್ಳಿ ಎನ್ನುತ್ತಾರೆ. ದುಡ್ಡು ಯಾವುದಕ್ಕೆ ಹಾಕುವುದು?

ಅಭಿಪ್ರಾಯ ಮೊದಲೇ ಹೇಳಿಬಿಡಬಹುದು: ಬ್ಯಾಂಡ್‌ಸಾ ಒಳ್ಳೆಯದೇ, ಆದರೆ ಅದರ ಸೆಟಿಂಗ್‌ಗೆ ಶೆಡ್‌ನಲ್ಲಿ ಯಾರಾದರೂ ಒಬ್ಬರು ಹೊಣೆ ಹೊತ್ತಿರಬೇಕು. ಸೆಟಿಂಗ್ ತಪ್ಪಿದ ಬ್ಯಾಂಡ್‌ಸಾಗಿಂತ ತನ್ನ ಪಾಡಿಗೆ ತಾನು ಕೊಯ್ದುಕೊಂಡಿರುವ ಹ್ಯಾಕ್ಸಾ ಮಷಿನ್ ಎಷ್ಟೋ ಮೇಲು. ಹಾಗಾಗಿ ಇಲ್ಲಿ ಮಷಿನ್ ಬಗ್ಗೆ ಎಷ್ಟು ಮಾತಿದೆಯೋ ಸೆಟಿಂಗ್ ಬಗ್ಗೆಯೂ ಅಷ್ಟೇ ಇದೆ.

ಯಾವ ಲೆಕ್ಕದಲ್ಲಿ ತೂಗಬೇಕು

ಮೊದಲನೆಯದು, ಕತ್ತರಿಸಿದ ತುಂಡು ಮುಂದೆ ಎಲ್ಲಿಗೆ ಹೋಗುತ್ತದೆ? ವೆಲ್ಡಿಂಗ್‌ಗೆ ಹೋಗುವ ಆಂಗಲ್, ಸ್ಕ್ವೇರ್ ಪೈಪ್ ಒಂದು ಮಿಮೀ ಓರೆಯಾದರೂ ವೆಲ್ಡ್ ಅದನ್ನು ನುಂಗಿಬಿಡುತ್ತದೆ. ಲೇತ್‌ಗೆ ಹೋಗುವ ಶಾಫ್ಟ್ ಓರೆಯಾದರೆ ಅಷ್ಟೂ ಫೇಸಿಂಗ್‌ನಲ್ಲಿ (ತುದಿಯ ಮುಖ ಸಮ ಮಾಡುವಾಗ) ತೆಗೆಯಬೇಕು, ಅದಕ್ಕಾಗಿ ತುಂಡನ್ನೇ ಉದ್ದ ಬಿಡಬೇಕು.

ಲೆಕ್ಕ ಹಾಕಿ ನೋಡಿ. 100 ಮಿಮೀ ಇಎನ್-8 ಉಕ್ಕಿನ ರೌಂಡ್‌ನ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಸೆಂಮೀ. 0.9 ಮಿಮೀ ದಪ್ಪದ ಬ್ಯಾಂಡ್‌ಸಾ ಬ್ಲೇಡ್ ಸುಮಾರು 1.5 ಮಿಮೀ ಸೀಳು ಮಾಡುತ್ತದೆ, ಪ್ರತಿ ಕಟ್‌ಗೆ 92 ಗ್ರಾಂ ಪುಡಿಯಾಗುತ್ತದೆ. ಸೀಳು 3 ಮಿಮೀ ಆದರೆ 185 ಗ್ರಾಂ. ಇಷ್ಟನ್ನು ಡೀಲರ್ ಕೂಡ ಹೇಳುತ್ತಾರೆ. ಅವರು ಹೇಳದ್ದು ಮುಂದಿನದು: ಕಟ್ 2 ಮಿಮೀ ಓರೆಯಾಗುತ್ತದೆಂದು ಪ್ರತಿ ತುಂಡಿಗೂ 2 ಮಿಮೀ ಹೆಚ್ಚಿಗೆ ಬಿಟ್ಟರೆ 123 ಗ್ರಾಂ ಹೋಯಿತು, ಮೇಲೆ ಲೇತ್ ಸಮಯ ಬೇರೆ. ಸಣ್ಣ ಸೀಳಿನಿಂದ ಉಳಿಸಿದ್ದಕ್ಕಿಂತ ಓರೆ ಕಟ್‌ನಿಂದ ಕಳೆದದ್ದೇ ಜಾಸ್ತಿ.

ಎರಡನೆಯದು, ದಿನಕ್ಕೆ ಎಷ್ಟು ಕಟ್, ಯಾವ ದಪ್ಪ, ಯಾವ ಲೋಹ. ಮೂರನೆಯದು ಕರೆಂಟು: ತ್ರೀ ಫೇಸ್ ಇದೆಯೇ, ಸಿಂಗಲ್ ಫೇಸೇ ಗತಿಯೇ. ನಾಲ್ಕನೆಯದು ಬ್ಲೇಡ್ ಎಲ್ಲಿ ಸಿಗುತ್ತದೆ ಎಂಬುದು. ಬ್ಯಾಂಡ್‌ಸಾ ಬ್ಲೇಡನ್ನು ಉದ್ದಕ್ಕೆ ತಕ್ಕಂತೆ ಕತ್ತರಿಸಿ ತುದಿಗೆ ತುದಿ ಸೇರಿಸಿ ಬಟ್ ವೆಲ್ಡ್ ಮಾಡಿಕೊಡುವವರು ಊರಲ್ಲೇ ಇದ್ದರೆ ಒಂದು ಬ್ಲೇಡ್ ಮಷಿನ್ ಮೇಲೆ, ಒಂದು ಗೋಡೆ ಮೇಲೆ ಸಾಕು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಸ್ ಪಾರ್ಸಲ್‌ನಲ್ಲಿ ಬರಬೇಕೆಂದರೆ ಕನಿಷ್ಠ ಮೂರು ಇಟ್ಟುಕೊಳ್ಳಿ. ಐದನೆಯದೇ ಮುಖ್ಯ, ಸೆಟಿಂಗ್ ಮಾಡುವವರು ಯಾರು.

ಚಾಪ್‌ಸಾ

355 ಮಿಮೀ ವ್ಹೀಲಿನ, ಎರಡು ಸಾವಿರ ವ್ಯಾಟ್ ಆಚೀಚೆಯ ಮಷಿನ್. ಹತ್ತು ಹದಿನೈದು ಸಾವಿರದೊಳಗೆ ಬರುತ್ತದೆ, ಸಿಂಗಲ್ ಫೇಸ್ ಸಾಕು, ಸೈಟ್‌ಗೆ ಹೊತ್ತೊಯ್ಯಬಹುದು. ಗೇಟು, ಗ್ರಿಲ್, ಶೀಟ್ ಶೆಡ್ ಕೆಲಸವೇ ಮುಖ್ಯವಾದವರಿಗೆ ಇದನ್ನು ಬಿಟ್ಟು ಬೇರೆ ಬೇಕಿಲ್ಲ.

ಇದರ ಸಮಸ್ಯೆ ಬಿಸಿ. ಇಎನ್-8ರಂಥ 0.4 ಶೇಕಡಾ ಕಾರ್ಬನ್ ಇರುವ ಉಕ್ಕನ್ನು ವ್ಹೀಲಿನಲ್ಲಿ ಕೊಯ್ದರೆ ಕಟ್ ಆದ ಮುಖದಲ್ಲಿ ಗಡಸು ಪದರ ನಿಲ್ಲುತ್ತದೆ. ಆಮೇಲೆ ಲೇತ್ ಟೂಲ್ ತುದಿ ಹೋಯಿತು, ಟ್ಯಾಪ್ ಮುರಿಯಿತು ಎಂದು ಟೂಲನ್ನು ಬೈಯುತ್ತಾರೆ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪಿನ ಮೇಲೆ ಎಂಎಸ್ (ಮೈಲ್ಡ್ ಸ್ಟೀಲ್) ಕಿಡಿ ಬಿದ್ದ ಜಾಗದಲ್ಲಿ ಕೆಲವೇ ದಿನಕ್ಕೆ ತುಕ್ಕಿನ ಚುಕ್ಕಿ ಕಾಣುತ್ತದೆ. ಹತ್ತಿ, ಮೆಕ್ಕೆಜೋಳದ ದೂಳಿರುವ ಗೋದಾಮಿನೊಳಗೆ ರಿಪೇರಿ ಕೆಲಸಕ್ಕೆ ಹೋದಾಗ ಆ ಕಿಡಿ ಏನು ಮಾಡಬಹುದೆಂದು ಹೇಳಬೇಕಿಲ್ಲ.

ಕಿಡಿ ಬೇಡವೆನ್ನುವವರಿಗೆ ಕಾರ್ಬೈಡ್ ಹಲ್ಲಿನ ಡ್ರೈ ಕಟ್ ಮಷಿನ್ ಇದೆ. ತೆಳು ಪೈಪು, ಆಂಗಲ್‌ಗೆ ಚೆನ್ನಾಗಿದೆ. ಆದರೆ ಒಂದು ಎಚ್ಚರಿಕೆ: ಆ ಬ್ಲೇಡ್ 1300ರಿಂದ 1500 ಆರ್‌ಪಿಎಂಗೆ ಮಾಡಿದ್ದು. ಅದನ್ನು 3500ಕ್ಕಿಂತ ಮೇಲೆ ತಿರುಗುವ ಮಾಮೂಲಿ ಚಾಪ್‌ಸಾಗೆ ಹಾಕಬೇಡಿ. ಹಲ್ಲು ಹಾರಿದರೆ ಗುಂಡಿನಂತೆ ಬರುತ್ತದೆ.

ಹ್ಯಾಕ್ಸಾ ಮಷಿನ್

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದಾಗಿನಿಂದ ಹರಿಹರದ ಸುತ್ತ ಲೇತ್ ಕೆಲಸ ಬೇರುಬಿಟ್ಟಿದೆ. ಇಂಥ ಊರಿನಲ್ಲಿ ಹಳೆಯ ಪವರ್ ಹ್ಯಾಕ್ಸಾಗೆ ಬುಷ್ ಹಾಕಿ, ಸ್ಲೈಡ್ ಸರಿಮಾಡಿ ಓಡಿಸಬಲ್ಲ ಕೈಗಳಿಗೆ ಬರವಿಲ್ಲ. ಅದೇ ಈ ಮಷಿನ್‌ನ ದೊಡ್ಡ ಬಲ.

ನಿಧಾನ, ನಿಜ. ಒಂದು ಕಡೆಯ ಹೊಡೆತದಲ್ಲಿ ಮಾತ್ರ ಕೊಯ್ದು ಇನ್ನೊಂದು ಕಡೆ ಖಾಲಿ ಬರುತ್ತದೆ. ಬ್ಲೇಡಿನ ನಡುವಿನ ಹಲ್ಲು ಮಾತ್ರ ಸವೆದು ತುದಿಗಳು ಹೊಸದಾಗೇ ಉಳಿಯುತ್ತವೆ. ಬ್ಲೇಡ್ ದಪ್ಪ, ಸೀಳು 2.5 ಮಿಮೀ ಮೀರುತ್ತದೆ. ಆದರೂ ರಾಡ್ ಕಟ್ಟಿ ಸ್ವಿಚ್ ಒತ್ತಿ ಬೇರೆ ಕೆಲಸಕ್ಕೆ ಹೋಗಬಹುದು. ದಿನಕ್ಕೆ ಹತ್ತು ಹದಿನೈದು ಕಟ್ ಇರುವ ಕಡೆ ನಿಧಾನ ಯಾರಿಗೂ ಕಾಡುವುದಿಲ್ಲ.

ಹಳೆಯದು ಕೊಳ್ಳುವಾಗ ಮುಖ್ಯವಾಗಿ ನೋಡಬೇಕಾದ್ದು ವಾಪಸ್ ಹೊಡೆತದಲ್ಲಿ ಬ್ಲೇಡ್ ಮೇಲೆದ್ದು ಬರುತ್ತದೆಯೇ ಎಂದು. ಎದ್ದು ಬರದಿದ್ದರೆ ಹಲ್ಲು ಹಿಂದಕ್ಕೆ ಉಜ್ಜಿಕೊಂಡು ಬೇಗ ಮೊಂಡಾಗುತ್ತದೆ, ಎಷ್ಟು ಬ್ಲೇಡ್ ತಂದರೂ ಸಾಲದು. ಆಮೇಲೆ ಬೋ (ಬ್ಲೇಡ್ ಕೂರುವ ಚೌಕಟ್ಟು) ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಆಟ ಕೈಗೆ ತಿಳಿಯುವಷ್ಟಿದ್ದರೆ ಸ್ಲೈಡ್ ಸವೆದಿದೆ, ಬೆಲೆ ಇಳಿಸಲು ಕಾರಣ ಸಿಕ್ಕಿತು.

ಬ್ಯಾಂಡ್‌ಸಾ: ಸಣ್ಣದು, ನಡುವಿನದು, ದೊಡ್ಡದು

ಸಣ್ಣದೆಂದರೆ ನಾಲ್ಕೂವರೆ ಇಂಚಿನದು (ಕೊಯ್ಯಬಹುದಾದ ಗರಿಷ್ಠ ದಪ್ಪ). ಬ್ಲೇಡ್ 1640 ಮಿಮೀ ಉದ್ದ, 13 ಮಿಮೀ ಅಗಲ, 0.65 ಮಿಮೀ ದಪ್ಪ. ಸಿಂಗಲ್ ಫೇಸ್ ಮೋಟರ್, ಬೆಲ್ಟ್ ಬದಲಿಸಿದರೆ ಮೂರು ಸ್ಪೀಡ್: ನಿಮಿಷಕ್ಕೆ ಸುಮಾರು 20, 30, 50 ಮೀಟರ್. ಬೋ ತನ್ನ ಭಾರಕ್ಕೆ ಇಳಿಯುತ್ತದೆ, ಸ್ಪ್ರಿಂಗ್ ಆ ಭಾರವನ್ನು ತಡೆಯುತ್ತದೆ. 50 ಮಿಮೀವರೆಗಿನ ರಾಡು, ಪೈಪಿಗೆ ಸಾಕು. ಕಾಗದದಲ್ಲಿ 115 ಮಿಮೀ ಎಂದಿದ್ದರೂ ಆ ದಪ್ಪ ದಿನವೂ ಕೊಯ್ಯಲು ಇದರ ಮೈಕಟ್ಟು ಸಾಲದು. ಇದರ ಗೈಡ್ (ಬ್ಲೇಡನ್ನು ನೇರ ಹಿಡಿಯುವ ರೋಲರ್), ವೈಸ್ (ರಾಡ್ ಕಚ್ಚಿ ಹಿಡಿಯುವುದು) ಫ್ಯಾಕ್ಟರಿಯಿಂದ ಸರಿಯಾಗಿ ಬರುವುದೇ ಅಪರೂಪ. ಕೊಂಡ ಮೇಲೆ ಅರ್ಧ ದಿನ ಸೆಟಿಂಗ್‌ಗೆ ಇಡಬೇಕು.

ನಡುವಿನದು 7ರಿಂದ 10 ಇಂಚಿನ ಸ್ವಿಂಗ್ ಮಾದರಿ, ಅಂದರೆ ಬೋ ಒಂದು ಕೀಲಿನ ಮೇಲೆ ಬಾಗಿ ಇಳಿಯುವುದು. 27 ಮಿಮೀ ಅಗಲ, 0.9 ಮಿಮೀ ದಪ್ಪದ ಬ್ಲೇಡ್, ತ್ರೀ ಫೇಸ್ ಮೋಟರ್, ಬೋ ಇಳಿಸಲು ಹೈಡ್ರಾಲಿಕ್ ಸಿಲಿಂಡರ್, ಕೂಲೆಂಟ್ ಪಂಪ್. ಬೆಲೆ ಲಕ್ಷಗಳ ಮಾತು. 50 ಮಿಮೀ ಎಂಎಸ್ ರಾಡ್ ಒಂದೆರಡು ನಿಮಿಷದಲ್ಲಿ ಬೀಳುತ್ತದೆ. ಟ್ರೇಲರ್, ಕಲ್ಟಿವೇಟರ್, ಮೆಕ್ಕೆಜೋಳದ ಷೆಲ್ಲರ್, ಚನ್ನಗಿರಿ ಕಡೆಯ ಅಡಿಕೆ ಸುಲಿಯುವ ಯಂತ್ರ ಇಂಥವನ್ನು ಮಾಡುವ ಶೆಡ್‌ಗೆ ಇದೇ ಸರಿಯಾದ ಅಳತೆ.

ದೊಡ್ಡದು ಎರಡು ಕಂಬದ ಮೇಲೆ ಬೋ ನೇರವಾಗಿ ಇಳಿಯುವ ಡಬಲ್ ಕಾಲಮ್. ದಪ್ಪ ರೌಂಡ್, ಕಟ್ಟುಕಟ್ಟು ರಾಡ್ ಒಟ್ಟಿಗೆ ಕೊಯ್ಯುವವರಿಗೆ. ದಿನಕ್ಕೆ ಒಂದು ಶಿಫ್ಟ್ ಪೂರ್ತಿ ಕಟಿಂಗೇ ಇಲ್ಲದಿದ್ದರೆ ಇದರ ಕಂತು ಕಟ್ಟುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಸ್ವಿಂಗ್ ಮಷಿನ್ ನೋಡಲು ಹೋದರೆ ಬೋ ಅರ್ಧಕ್ಕೆ ಎತ್ತಿ ವಾಲ್ವ್ ಮುಚ್ಚಿ ಹತ್ತು ನಿಮಿಷ ಬಿಡಿ. ತಾನಾಗಿ ಇಳಿದರೆ ಸಿಲಿಂಡರ್ ಸೀಲ್ ಹೋಗಿದೆ, ಇಲ್ಲವೇ ವಾಲ್ವ್ ಸೋರುತ್ತಿದೆ. ಜರ್ಕ್ ಹೊಡೆಯುತ್ತಾ ಇಳಿದರೆ ಎಣ್ಣೆಯಲ್ಲಿ ಗಾಳಿ ಸೇರಿದೆ. ಎರಡೂ ಸರಿಹೋಗುವ ದೋಷಗಳೇ. ವ್ಹೀಲಿನ ಅಂಚು ಸವೆದು ಚೂಪಾಗಿದ್ದರೆ, ಡ್ರೈವ್ ವ್ಹೀಲ್ ಕೈಯಲ್ಲಿ ತಿರುಗಿಸಿದಾಗ ಗೇರ್‌ಬಾಕ್ಸ್‌ನಲ್ಲಿ ದೊಡ್ಡ ಆಟ ಸಿಕ್ಕರೆ, ಅದು ಬೇರೆ ಲೆಕ್ಕ.

ಸೆಟಿಂಗ್: ಇದನ್ನು ಓದಿ ಆಮೇಲೆ ನಿರ್ಧರಿಸಿ

ಇದನ್ನು ಮಾಡುವಷ್ಟು ತಾಳ್ಮೆ ಶೆಡ್‌ನಲ್ಲಿ ಯಾರಿಗೂ ಇಲ್ಲವೆನಿಸಿದರೆ ಬ್ಯಾಂಡ್‌ಸಾ ಆಸೆ ಬಿಡುವುದೇ ಲೇಸು.

ಕೆಲಸದ ಕ್ರಮ ಮುಖ್ಯ. ಮೆಯಿನ್ ಆಫ್ ಮಾಡಿ, ಎರಡೂ ವ್ಹೀಲ್ ಒರೆಸಿ. ಅಂಟಿಕೊಂಡ ಒಂದು ಚಿಪ್ ಸಾಕು, ಬ್ಲೇಡ್ ಪ್ರತಿ ಸುತ್ತಿಗೂ ಟಪ್ ಟಪ್ ಎನ್ನಲು. ಗೈಡ್‌ಗಳನ್ನು ಪೂರ್ತಿ ಸಡಿಲಿಸಿ ದೂರ ಸರಿಸಿ. ಬ್ಲೇಡ್ ಹಾಕುವಾಗ ಗ್ಲೌಸ್ ಇರಲಿ, ಮಷಿನ್ ಓಡುವಾಗ ಮಾತ್ರ ಬೇಡ. ಸುರುಳಿ ಬಿಚ್ಚುವಾಗ ಮುಖ ದೂರ ಇಡಿ. ಹಲ್ಲಿನ ಮೊನೆ ಬ್ಲೇಡ್ ಓಡುವ ದಿಕ್ಕಿಗೇ ಇರಬೇಕು. ತಿರುಗಾಮುರುಗಾ ಇದ್ದರೆ ಬ್ಲೇಡಿನ ಒಳಮೈ ಹೊರಗೆ ಮಾಡಿದರಾಯಿತು. ತ್ರೀ ಫೇಸ್ ಮಷಿನ್‌ನಲ್ಲಿ ಫೇಸ್ ಅದಲುಬದಲಾದರೆ ಬ್ಲೇಡೇ ಉಲ್ಟಾ ಓಡುತ್ತದೆ. ಲೈನ್ ರಿಪೇರಿ ಆದ ದಿನ ಮೊದಲು ಖಾಲಿ ಓಡಿಸಿ ನೋಡಿ. ಒಂದು ಫೇಸ್ ಹೋದರೆ ಮೋಟರ್ ಸುಡುವುದರಿಂದ, ಆಗ ಅದನ್ನು ನಿಲ್ಲಿಸುವ ಪ್ರಿವೆಂಟರ್ ಹಾಕಿಸಿಯೇ ಮಷಿನ್ ಚಾಲೂ ಮಾಡಿ.

ಟೆನ್ಷನ್ ಎಷ್ಟು? ಬೆರಳಿನಿಂದ ಒತ್ತಿ ನೋಡುವುದು ಅಂದಾಜು ಮಾತ್ರ. ಟೆನ್ಷನ್ ಗೇಜ್ ಇಲ್ಲದಿದ್ದರೆ ವರ್ನಿಯರ್ ಸಾಕು. ಬ್ಲೇಡ್ ನೇರ ನಿಲ್ಲುವಷ್ಟು ಮಾತ್ರ ಬಿಗಿದು, ವರ್ನಿಯರನ್ನು 100 ಮಿಮೀಗೆ ತೆರೆದು, ಎರಡು ದವಡೆಗಳನ್ನೂ ಸಣ್ಣ ಕ್ಲಾಂಪ್‌ನಿಂದ ಬ್ಲೇಡಿಗೆ ಹಿಡಿಸಿ. ಸ್ಲೈಡರ್ ಸ್ಕ್ರೂ ಸಡಿಲ ಇರಲಿ. ಈಗ ಬಿಗಿಯುತ್ತಾ ಹೋದರೆ ಬ್ಲೇಡ್ ಹಿಗ್ಗುವುದು ವರ್ನಿಯರ್‌ನಲ್ಲೇ ಕಾಣುತ್ತದೆ. 27 ಮಿಮೀ ಬೈಮೆಟಲ್ (ಬೆನ್ನು ಒಂದು ಉಕ್ಕು, ಹಲ್ಲು ಇನ್ನೊಂದು ಗಡಸು ಉಕ್ಕು) ಬ್ಲೇಡ್‌ಗೆ 100.10 ಬಂದಾಗ ನಿಲ್ಲಿಸಿ. ಉಕ್ಕು ಸಾವಿರಕ್ಕೆ ಒಂದು ಪಾಲು ಹಿಗ್ಗಿದರೆ ಅದರೊಳಗಿನ ಎಳೆತ ಪ್ರತಿ ಚದರ ಮಿಮೀಗೆ ಸುಮಾರು 200 ನ್ಯೂಟನ್, ಬೈಮೆಟಲ್‌ಗೆ ಬೇಕಾದ್ದು ಅಷ್ಟೇ. ನಾಲ್ಕೂವರೆ ಇಂಚಿನ ಮಷಿನ್‌ಗೆ 100.07 ಸಾಕು, ಹೆಚ್ಚು ಬಿಗಿದರೆ ಅದರ ಫ್ರೇಮೇ ಬಗ್ಗುತ್ತದೆ. ಸಂಜೆ ಮಷಿನ್ ನಿಲ್ಲಿಸಿದ ಮೇಲೆ ಟೆನ್ಷನ್ ಸಡಿಲಿಸಿ.

ಟೆನ್ಷನ್ ಆದ ಮೇಲೆ ಟ್ರ್ಯಾಕಿಂಗ್. ಬ್ಲೇಡಿನ ಬೆನ್ನು ವ್ಹೀಲಿನ ಅಂಚಿಗೆ ಅರ್ಧದಿಂದ ಒಂದು ಮಿಮೀ ದೂರದಲ್ಲಿ ಓಡಬೇಕು. ಅಂಚಿಗೆ ಉಜ್ಜುತ್ತಿದ್ದರೆ ಬೆನ್ನು ಹೊಳೆಯುತ್ತದೆ, ಕೆಲವು ದಿನಕ್ಕೆ ಬೆನ್ನಿನಿಂದಲೇ ಬಿರುಕು ಬಿಡುತ್ತದೆ. ಐಡ್ಲರ್ ವ್ಹೀಲಿನ (ಮೋಟರ್ ತಿರುಗಿಸದ ವ್ಹೀಲು) ಓರೆ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿ ಸಲ ಕೈಯಿಂದ ನಾಲ್ಕಾರು ಸುತ್ತು ಓಡಿಸಿ ನೋಡಿ. ಟೆನ್ಷನ್ ಬದಲಿಸಿದರೆ ವ್ಹೀಲಿನ ಓರೆಯೂ ಬದಲಾಗುತ್ತದೆ, ಹಾಗಾಗಿ ಮತ್ತೆ ಟ್ರ್ಯಾಕಿಂಗ್ ನೋಡಲೇಬೇಕು.

ಆಮೇಲೆ ಗೈಡ್. ಪಕ್ಕದ ರೋಲರ್‌ಗಳು ಬ್ಲೇಡನ್ನು ಮುಟ್ಟಿಯೂ ಮುಟ್ಟದಂತಿರಬೇಕು: ಬ್ಲೇಡ್ ನಿಂತಿರುವಾಗ ರೋಲರ್ ಬೆರಳಿಗೆ ಜಾರುತ್ತಾ ತಿರುಗಬೇಕು. ಎಕ್ಸೆಂಟ್ರಿಕ್ ಬೋಲ್ಟ್ ತಿರುಗಿಸಿ ಇದನ್ನು ಹೊಂದಿಸುತ್ತಾರೆ. ಗೈಡ್ ತಂದು ಕೂರಿಸಿದಾಗ ಬ್ಲೇಡ್ ಪಕ್ಕಕ್ಕೆ ಬಗ್ಗಿತೆಂದರೆ ಗೈಡ್ ಅದನ್ನು ತಳ್ಳುತ್ತಿದೆ, ತಪ್ಪು. ಕಾರ್ಬೈಡ್ ಪ್ಯಾಡ್ ಇದ್ದರೆ ನಡುವೆ 0.05 ಮಿಮೀ ಫೀಲರ್ (ಸಂದಿ ಅಳೆಯುವ ತೆಳು ಪಟ್ಟಿ) ಮಾತ್ರ ಹೋಗಬೇಕು. ಗೈಡ್ ಆರ್ಮನ್ನು ರಾಡ್‌ಗೆ ಒಂದೆರಡು ಸೆಂಮೀ ಹತ್ತಿರ ತನ್ನಿ. ಓರೆ ಕಟ್ ಎಂದು ದೂರು ಬರುವ ಮಷಿನ್‌ಗಳಲ್ಲಿ ಎಷ್ಟೋ ಸಲ ಇರುವ ದೋಷ ಇಷ್ಟೇ, 40 ಮಿಮೀ ರಾಡ್ ಕೊಯ್ಯುವಾಗಲೂ ಆರ್ಮ್ ಹತ್ತು ಇಂಚು ಅಗಲ ತೆರೆದೇ ಇರುತ್ತದೆ.

ಕೊನೆಗೆ ಟ್ರೈ ಸ್ಕ್ವೇರ್. ಬೆಡ್ ಮೇಲೆ ಇಟ್ಟು ಬ್ಲೇಡಿನ ಮೈಗೆ ತಾಗಿಸಿ, ಪಕ್ಕಕ್ಕೆ ಬಾಗಿರುವ ಹಲ್ಲಿಗೆ ತಾಗಬಾರದು. ಆಮೇಲೆ ವೈಸಿನ ಸ್ಥಿರ ದವಡೆಗೂ ಬ್ಲೇಡಿಗೂ ನಡುವೆ ಇನ್ನೊಮ್ಮೆ.

ಈಗ ಒಂದು ತೆಳು ಬಿಲ್ಲೆ ಕೊಯ್ಯಿರಿ, ಆದರೆ ತೆಗೆಯುವ ಮುನ್ನ ಮೇಲ್ಭಾಗಕ್ಕೆ ಗುರುತು ಹಾಕಿ. ದಪ್ಪವನ್ನು ನಾಲ್ಕು ಕಡೆ ಅಳೆಯಿರಿ. ಮೇಲೆ-ಕೆಳಗೆ ವ್ಯತ್ಯಾಸವಿದ್ದರೆ ಗೈಡ್ ಓರೆ, ಟೆನ್ಷನ್ ಕಡಿಮೆ ಅಥವಾ ಫೀಡ್ (ಬೋ ಇಳಿಯುವ ವೇಗ) ಜಾಸ್ತಿ. ಮುಂದೆ-ಹಿಂದೆ ವ್ಯತ್ಯಾಸವಿದ್ದರೆ ವೈಸ್. ಮುಖ ಹೊಟ್ಟೆಯಂತೆ ಉಬ್ಬಿದ್ದರೆ ಫೀಡ್ ಇಳಿಸಿ. ಮೊದಲು ನೇರ ಕೊಯ್ದು ಬರಬರುತ್ತಾ ಒಂದೇ ಕಡೆಗೆ ಎಳೆಯತೊಡಗಿದರೆ ಮಷಿನ್ ಮುಟ್ಟಬೇಡಿ, ಬ್ಲೇಡಿನ ಒಂದು ಪಕ್ಕದ ಹಲ್ಲು ಸವೆದಿದೆ.

ಬ್ಲೇಡಿನ ಆಯ್ಕೆ

ಕಾರ್ಬನ್ ಸ್ಟೀಲ್ ಬ್ಲೇಡ್ ಅಗ್ಗ, ಎಂಎಸ್ ಮಾತ್ರ ನಿಧಾನಕ್ಕೆ ಕೊಯ್ಯುವವರಿಗೆ ನಡೆಯುತ್ತದೆ. ಇಎನ್-8, ಇಎನ್-24, ಎಸ್‌ಎಸ್ ಬಂತೆಂದರೆ ಎಂ-42 ಎಂಬ ಗಡಸು ಹೈಸ್ಪೀಡ್ ಉಕ್ಕಿನ ಹಲ್ಲಿನ ಬೈಮೆಟಲ್ಲೇ ಬೇಕು. ಕಾರ್ಬೈಡ್ ಹಲ್ಲು ಗಟ್ಟಿ ಮಷಿನ್‌ಗೆ ಮಾತ್ರ. ನಡುಗುವ ಮಷಿನ್‌ನಲ್ಲಿ ಅದರ ಹಲ್ಲು ಚಕ್ಕೆ ಏಳುತ್ತದೆ.

ಹಲ್ಲಿನ ಲೆಕ್ಕ ಟಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಹಲ್ಲು. ಲೋಹದೊಳಗೆ ಸಾಧ್ಯವಾದಷ್ಟೂ ಕನಿಷ್ಠ 3 ಹಲ್ಲು ಇರಬೇಕು, 6ರಿಂದ 12 ಇದ್ದರೆ ಚೆಂದ, 24 ಮೀರಬಾರದು. 2-3 ಮಿಮೀ ಗೋಡೆಯ ಪೈಪಿಗೆ 14/18, 25 ಮಿಮೀ ರಾಡಿಗೆ 10/14, 50 ಮಿಮೀಗೆ 5/8, 100 ಮಿಮೀಗೆ 3/4 ಅಥವಾ 4/6. ಎರಡು ಅಂಕಿ ಇರುವ ಬ್ಲೇಡಿನಲ್ಲಿ ಹಲ್ಲಿನ ಅಂತರ ಹೆಚ್ಚುಕಡಿಮೆ ಇರುತ್ತದೆ, ಅದರಿಂದ ನಡುಕ, ಕಿರುಚಾಟ ತಗ್ಗುತ್ತದೆ. 4/6 ಬ್ಲೇಡಿನಲ್ಲಿ ತೆಳು ಪೈಪ್ ಕೊಯ್ದರೆ ಹಲ್ಲು ಸಾಲಾಗಿ ಉದುರುತ್ತದೆ. ಪೈಪೂ ದಪ್ಪ ರಾಡೂ ಎರಡೂ ಬರುವ ಶೆಡ್‌ನಲ್ಲಿ ಒಂದೇ ಬ್ಲೇಡಿನಲ್ಲಿ ಕಾಲ ಹಾಕುವ ಯೋಚನೆ ಬೇಡ. ಆಂಗಲನ್ನು ಮೂಲೆ ಮೇಲೆ, ಎರಡು ಕಾಲು ಕೆಳಗೆ ಬರುವಂತೆ ಕಟ್ಟಿ.

ಬೈಮೆಟಲ್‌ಗೆ ಸ್ಪೀಡ್: ಎಂಎಸ್‌ಗೆ ನಿಮಿಷಕ್ಕೆ 60ರಿಂದ 80 ಮೀಟರ್, ಇಎನ್-8ಕ್ಕೆ 50-60, ಇಎನ್-24ಕ್ಕೆ 40-50, ಎಸ್‌ಎಸ್ 304ಕ್ಕೆ 25-40. ಎಸ್‌ಎಸ್‌ನಲ್ಲಿ ಫೀಡ್ ಹೆದರಿಕೊಂಡು ಕೊಟ್ಟರೆ ಹಲ್ಲು ಕೊಯ್ಯದೆ ಉಜ್ಜುತ್ತದೆ, ಲೋಹದ ಮೈ ಗಡಸಾಗಿ ಬ್ಲೇಡ್ ಅಲ್ಲೇ ಮುಗಿಯುತ್ತದೆ.

ಹೊಸ ಬ್ಲೇಡನ್ನು ಮೊದಲ ದಿನವೇ ದುಡಿಸಬೇಡಿ. ಸ್ಪೀಡ್ ಮಾಮೂಲಿ ಇಟ್ಟು ಫೀಡ್ ಅರ್ಧಕ್ಕಿಳಿಸಿ 50 ಮಿಮೀ ಎಂಎಸ್ ರಾಡಿನಲ್ಲಿ ಹದಿನೈದು ಇಪ್ಪತ್ತು ಕಟ್ ಮಾಡಿ, ನಿಧಾನಕ್ಕೆ ಫೀಡ್ ಏರಿಸಿ. ಹಲ್ಲಿನ ಮೊನೆ ಹೀಗೆ ಹದಕ್ಕೆ ಬರದಿದ್ದರೆ ಸಣ್ಣಸಣ್ಣ ಚಕ್ಕೆ ಎದ್ದು ಆಯುಸ್ಸು ಬೇಗ ಮುಗಿಯುತ್ತದೆ. ಫೀಡ್ ಸರಿಯೇ ಎಂಬುದಕ್ಕೆ ಚಿಪ್ಸೇ ಸಾಕ್ಷಿ: ಪುಡಿ ಬಂದರೆ ಫೀಡ್ ಕಡಿಮೆ, ನೀಲಿಗಟ್ಟಿದ ದಪ್ಪ ಚಿಪ್ಸ್ ಬಂದರೆ ಜಾಸ್ತಿ, ಬೆಳ್ಳಗೆ ಸಡಿಲ ಸುರುಳಿ ಬಂದರೆ ಸರಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಸಿಲಿಂಡರ್ ಎಣ್ಣೆ ತೆಳ್ಳಗಾಗಿ, ಬೆಳಗ್ಗೆ ಇಟ್ಟ ವಾಲ್ವ್‌ನಲ್ಲೇ ಬೋ ಬೇಗ ಇಳಿಯುತ್ತದೆ. ಊಟದ ನಂತರ ಇನ್ನೊಮ್ಮೆ ಚಿಪ್ಸ್ ನೋಡಿ.

ಚಿಪ್ ಬ್ರಶ್ ಹಲ್ಲಿನ ಸಂದಿಯವರೆಗೆ ಮುಟ್ಟಬೇಕು. ಅದು ಸವೆದರೆ ಚಿಪ್ಸ್ ಸಂದಿಯಲ್ಲೇ ಕೂತು ಇನ್ನೊಂದು ಸುತ್ತು ಬಂದು ಹಲ್ಲು ಮುರಿಯುತ್ತದೆ.

ಕೂಲೆಂಟ್ ಹತ್ತು ಪಾಲು ನೀರಿಗೆ ಒಂದು ಪಾಲು. ನೀರಿಗೆ ಎಣ್ಣೆ ಸುರಿಯಿರಿ, ಎಣ್ಣೆಗೆ ನೀರಲ್ಲ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಗಡಸು ಬೋರ್ ನೀರಿನಲ್ಲಿ ಎಣ್ಣೆ ಒಡೆದು ಮೊಸರಿನಂತೆ ಮೇಲೆ ತೇಲುತ್ತದೆ, ಪಂಪ್ ಜಾಲರಿ ಕಟ್ಟುತ್ತದೆ. ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್ ತಂದು ಕಲಸಿದರೆ ಈ ಕಾಟ ತಪ್ಪುತ್ತದೆ. ಘಟಕದವರು ಚರಂಡಿಗೆ ಬಿಡುವ ನೀರು ಪುಕ್ಕಟೆ ಸಿಗುತ್ತದೆಂದು ಅದನ್ನು ತರಬೇಡಿ, ಅದು ಬೋರ್ ನೀರಿಗಿಂತ ಗಡಸು. ಬೀಡು ಕಬ್ಬಿಣವನ್ನು ಒಣಗೇ ಕೊಯ್ಯಿರಿ.

ಯಾರಿಗೆ ಯಾವುದು

ಗೇಟು, ಗ್ರಿಲ್, ಸೈಟ್ ಕೆಲಸ: ಚಾಪ್‌ಸಾ. ದುಡ್ಡು ಸ್ವಲ್ಪ ಹೆಚ್ಚಿದ್ದರೆ ಜೊತೆಗೆ ಡ್ರೈ ಕಟ್. ಬ್ಯಾಂಡ್‌ಸಾ ಇಟ್ಟರೆ ದೂಳು ತಿನ್ನುತ್ತಾ ಕೂರುತ್ತದೆ.

ಒಂದೆರಡು ಲೇತ್ ಇರುವ, ದಿನಕ್ಕೆ ಹತ್ತಾರು ಕಟ್ ಮೀರದ ರಿಪೇರಿ ಶೆಡ್: ಒಳ್ಳೆಯ ಹಳೆಯ ಹ್ಯಾಕ್ಸಾ. ತ್ರೀ ಫೇಸ್ ಇಲ್ಲ, ಜಾಗವೂ ಇಲ್ಲ, ರಾಡೂ 50 ಮಿಮೀ ದಾಟುವುದಿಲ್ಲ, ಆದರೆ ಸೆಟಿಂಗ್ ಗೊತ್ತಿರುವ ಫಿಟ್ಟರ್ ಇದ್ದಾರೆ ಎಂದರೆ ನಾಲ್ಕೂವರೆ ಇಂಚಿನ ಬ್ಯಾಂಡ್‌ಸಾ.

ದಿನಕ್ಕೆ ಮೂವತ್ತು ನಲವತ್ತು ಕಟ್, 100 ಮಿಮೀವರೆಗೆ ಶಾಫ್ಟ್, ಇಎನ್-8 ಮೇಲಿನ ಉಕ್ಕು: ಹೈಡ್ರಾಲಿಕ್ ಸ್ವಿಂಗ್ ಬ್ಯಾಂಡ್‌ಸಾ, ಕಣ್ಣು ಮುಚ್ಚಿಕೊಂಡು. ಬಜೆಟ್ ಸಾಲದೆ ಸಣ್ಣ ಬ್ಯಾಂಡ್‌ಸಾಗೆ ಇಳಿಯುವ ಬದಲು ಸೆಕೆಂಡ್ ಹ್ಯಾಂಡ್ ಸ್ವಿಂಗ್ ಹುಡುಕಿ. ಸೀಲು, ಬೇರಿಂಗ್, ಗೈಡ್ ರೋಲರ್ ಬದಲಿಸಿದರೂ ಲಾಭವೇ.

ಹೊಸದಾದರೆ ಡೀಲರ್ ಕೊಟ್ಟ ರಾಡಿನಲ್ಲಿ ಡೆಮೊ ನೋಡಬೇಡಿ, ನಿಮ್ಮದೇ 100 ಮಿಮೀ ರೌಂಡ್ ಒಯ್ಯಿರಿ. ಒಂದರ ಹಿಂದೊಂದು ಐದು ಬಿಲ್ಲೆ ಕೊಯ್ಯಿಸಿ, ಮೊದಲನೆಯದು ಮತ್ತು ಐದನೆಯದನ್ನು ನಾಲ್ಕು ಕಡೆ ಅಳೆಯಿರಿ. ವ್ಯತ್ಯಾಸ 0.2 ಮಿಮೀ ಒಳಗಿದ್ದರೆ ಅಡ್ವಾನ್ಸ್ ಕೊಡಬಹುದು. ಅರ್ಧ ಮಿಮೀ ಇದ್ದರೆ ಅವರ ಫಿಟ್ಟರನ್ನೇ ಅಲ್ಲಿಯೇ ಸೆಟ್ ಮಾಡಲು ಹೇಳಿ, ಪಕ್ಕದಲ್ಲಿ ನಿಂತು ಯಾವ ಬೋಲ್ಟ್ ಮುಟ್ಟುತ್ತಾರೆಂದು ನೋಡಿಕೊಳ್ಳಿ. ಆಮೇಲೂ ಸರಿಹೋಗದಿದ್ದರೆ ಮುಂದಿನ ಅಂಗಡಿಗೆ ಹೋಗಿ.